ಕಾವಿ ಉಟ್ಟ ಮರಗಳು

ಥೈಲೆಂಡಿನ ಉತ್ತರದಲ್ಲಿ, ಲಾವೋಸ್ ದೇಶದ ಗಡಿಗೆ ತಾಗಿದಂತೆ ನಾನ್ ಎಂಬ ಪ್ರಾಂತವಿದೆ. ಬೆಟ್ಟಗಳ ನಡುವೆ ಕಣಿವೆಗಳು, ಕಣಿವೆಗಳಲ್ಲಿ ಬತ್ತದ ಗದ್ದೆಗಳು, ಗದ್ದೆಗಳ ಅಂಚಿನಲ್ಲಿ ಪುಟ್ಟ ಹಳ್ಳಿಗಳು. ಇಲ್ಲಿನ ಕಾಡುದಾರಿಯಲ್ಲಿ ನಡೆಯುವ ಪ್ರವಾಸಿಗನು ಒಮ್ಮೊಮ್ಮೆ ಬೆರಗಾಗಿ ನಿಲ್ಲುತ್ತಾನೆ. ಎದುರಿನ ಹೆಮ್ಮರವೊಂದು ಬೌದ್ಧ ಭಿಕ್ಷುವಿನಂತೆ ಕಾವಿಯುಟ್ಟು ನಿಂತಿರುತ್ತದೆ! ಆ ಮರಕ್ಕೆ ದೀಕ್ಷೆಯಾಗಿದೆ ಎನ್ನುತ್ತಾರೆ ಹಳ್ಳಿಯವರು. ಅದಕ್ಕೆ ಕೊಡಲಿ ತಾಗಿಸಲು ಯಾರ ಕೈಯೂ ಸುಲಭವಾಗಿ ಏಳದು.

ಮರಕ್ಕೆ ಸನ್ಯಾಸ ಕೊಡಬೇಕಾದ ಕಾಲ ಬಂದದ್ದಾದರೂ ಹೇಗೆ? ಅದನ್ನು ತಿಳಿಯಲು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಆಗ ಈ ದೇಶದ ಹೆಸರು ಸಯಾಂ. ಸಿಂಹಾಸನವೇರುವ ಮೊದಲು ಇಪ್ಪತ್ತೇಳು ವರ್ಷ ಭಿಕ್ಷುವಾಗಿದ್ದ ಮಂಗಕುಟ ಮಹಾರಾಜನು ಇಂಗ್ಲಿಷನ್ನೂ ಖಗೋಳಶಾಸ್ತ್ರವನ್ನೂ ಕಲಿತ ವಿದ್ವಾಂಸ. ನೆರೆಯ ಬರ್ಮಾ ದೇಶ ತುಂಡುತುಂಡಾಗಿ ಆಂಗ್ಲರ ವಶವಾಗುತ್ತಿದ್ದುದನ್ನು ಕಂಡಿದ್ದ ಅವನು, 1855ರಲ್ಲಿ ಸರ್ ಜಾನ್ ಬೌರಿಂಗನೊಡನೆ ಒಪ್ಪಂದ ಮಾಡಿಕೊಂಡನು. ಆಮದಿನ ಸುಂಕ ನೂರಕ್ಕೆ ಮೂರಕ್ಕೆ ಇಳಿಯಿತು. ಆಂಗ್ಲ ಪ್ರಜೆಗಳ ಮೇಲಿನ ನ್ಯಾಯಾಧಿಕಾರ ಅವರ ರಾಯಭಾರಿಗಳ ಕೈಸೇರಿತು. ದೇಶದ ಸ್ವಾತಂತ್ರ್ಯವೇನೋ ಉಳಿಯಿತು. ಬಾಗಿಲು ಮಾತ್ರ ತೆರೆಯಿತು.

ಆ ಬಾಗಿಲಿನಿಂದ ಒಳಬಂದವರ ಕಣ್ಣು ಬಿದ್ದುದು ಉತ್ತರದ ತೇಗದ ಮೇಲೆ. ತೇಗವು ಸಹಜವಾಗಿ ಬೆಳೆಯುವ ನಾಡುಗಳು ಜಗತ್ತಿನಲ್ಲಿ ನಾಲ್ಕೇ: ಭಾರತ, ಬರ್ಮಾ, ಲಾವೋಸ್ ಮತ್ತು ಥೈಲೆಂಡ್. ಬಾಂಬೆ ಬರ್ಮಾ ಮತ್ತು ಬೋರ್ನಿಯೋ ಕಂಪನಿಗಳು ಅಲ್ಲಿ ಕಾಡನ್ನು ಗುತ್ತಿಗೆ ಹಿಡಿದವು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಮೊದಲು ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಬಳೆಯಂತೆ ಕೆತ್ತಿ, ಮರವನ್ನು ನಿಂತಲ್ಲಿಯೇ ಒಣಗಲು ಬಿಡುತ್ತಿದ್ದರು. ಎರಡು ಮೂರು ವರ್ಷಗಳ ಮೇಲೆ ಅದನ್ನು ಕಡಿದು, ಆನೆಗಳಿಂದ ಹಳ್ಳದವರೆಗೆ ಎಳೆಸಿ, ಮಳೆಗಾಲದ ಪ್ರವಾಹಕ್ಕಾಗಿ ಕಾಯುತ್ತಿದ್ದರು. ಪಿಂಗ್, ವಾಂಗ್, ಯೋಮ್, ನಾನ್ ನದಿಗಳಲ್ಲಿ ತೇಲಿ ದಿಮ್ಮಿಗಳು ಬ್ಯಾಂಕಾಕ್ ಸೇರಲು ಮತ್ತೂ ಹಲವು ವರ್ಷ ಹಿಡಿಯುತ್ತಿತ್ತು.

ಗುತ್ತಿಗೆಯ ಜಗಳಗಳು ಹೆಚ್ಚಿದಾಗ ಚೂಡಾಲಂಕರಣ ಮಹಾರಾಜನು 1896ರಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿದನು. ಅದರ ಮೊದಲ ಮುಖ್ಯಸ್ಥ ಬರ್ಮಾದಲ್ಲಿ ಅರಣ್ಯಾಧಿಕಾರಿಯಾಗಿದ್ದ ಹರ್ಬರ್ಟ್ ಸ್ಲೇಡ್ ಎಂಬ ಆಂಗ್ಲ. ಉತ್ತರದ ಅರಸುಗಳ ಕೈಯಲ್ಲಿದ್ದ ಕಾಡುಗಳು ಕೆಲವೇ ವರ್ಷಗಳಲ್ಲಿ ಬ್ಯಾಂಕಾಕಿನ ಸರ್ಕಾರದ ಸೊತ್ತಾದವು. ದೇಶ ಯಾರ ವಸಾಹತೂ ಆಗಲಿಲ್ಲ. ಆದರೆ ಕಾಡು ಎಂದರೆ ಮರದ ಲೆಕ್ಕ ಎಂಬ ದೃಷ್ಟಿ ಮಾತ್ರ ಬಂದು ನೆಲೆಯೂರಿತು.

ಎರಡನೆಯ ಅಲೆ ಅಮೆರಿಕದಿಂದ ಬಂತು. ಆ ದೇಶದ ನೆರವಿನಿಂದ ಈಶಾನ್ಯ ಪ್ರಸ್ಥಭೂಮಿಯತ್ತ ಹೆದ್ದಾರಿಯೊಂದು 1958ರಲ್ಲಿ ಸಿದ್ಧವಾಯಿತು. ಅದರ ಹೆಸರು ಮಿತ್ರಫಾಪ್, ಅಂದರೆ ನಮ್ಮ ‘ಮಿತ್ರಭಾವ’ವೇ! ರಸ್ತೆ ಹೋದೆಡೆ ಲಾರಿ ಹೋಯಿತು, ಲಾರಿ ಹೋದೆಡೆ ಕಾಡು ಕರಗಿತು. ಮರವಿದ್ದಲ್ಲಿ ಮುಸುಕಿನ ಜೋಳ ಬಂತು; ಯುರೋಪಿನ ದನಗಳ ಮೇವಿಗಾಗಿ ಮರಗೆಣಸು ಬಂತು. 1961ರಲ್ಲಿ ದೇಶದ ನೆಲದ ಶೇಕಡ 53ರಷ್ಟಿದ್ದ ಅರಣ್ಯವು 1988ರ ಹೊತ್ತಿಗೆ ಶೇಕಡ 28ಕ್ಕೆ ಇಳಿದಿತ್ತು.

ಅದೇ 1988ರ ನವೆಂಬರಿನಲ್ಲಿ ದಕ್ಷಿಣದ ನಖೋನ್ ಸಿ ತಮ್ಮರಾಟ್ ಪ್ರಾಂತದಲ್ಲಿ ಭಾರಿ ಮಳೆ ಸುರಿಯಿತು. ಸಹಜ ಕಾಡನ್ನು ಕಳೆದುಕೊಂಡಿದ್ದ ಇಳಿಜಾರುಗಳು ಜರಿದವು. ಕೆಸರಿನೊಡನೆ ಉರುಳಿಬಂದ ಮರದ ದಿಮ್ಮಿಗಳು ಹಳ್ಳಿಗಳ ಮೇಲೆ ಬಿದ್ದು ನೂರಾರು ಮಂದಿ ಸತ್ತರು. 1989ರ ಜನವರಿಯಲ್ಲಿ ಸರ್ಕಾರವು ದೇಶದ ಸಹಜ ಕಾಡುಗಳಲ್ಲಿ ವಾಣಿಜ್ಯದ ಮರಕಡಿತವನ್ನು ನಿಲ್ಲಿಸಿತು. ಕಾನೂನು ಬಂದರೂ ಕಳ್ಳಕೊಡಲಿ ನಿಲ್ಲಲಿಲ್ಲ. ವ್ಯಾಪಾರಿಗಳು ಬರ್ಮಾ, ಲಾವೋಸ್, ಕಾಂಬೋಡಿಯಾಗಳ ಕಾಡಿನತ್ತ ತಿರುಗಿದರು.

ಮರಗಳಿಗೆ ಕಾವಿ ಬಂದದ್ದು ಇದೇ ದಿನಗಳಲ್ಲಿ. ಫಯಾವ್ ಪ್ರಾಂತದ ಭಿಕ್ಷು ಫ್ರಾ ಖ್ರು ಮಾನಸ್ ಅವರು ಈ ವಿಧಿಯನ್ನು ಆರಂಭಿಸಿದರೆಂದು ಹೇಳುತ್ತಾರೆ. ನಾನ್ ಪ್ರಾಂತದ ಫ್ರಾ ಖ್ರು ಪಿಟಕ್ ಅವರು 1990ರಲ್ಲಿ ತಮ್ಮ ಹುಟ್ಟೂರಿನ ಕಾಡಿನಲ್ಲಿ ಅದನ್ನು ನಡೆಸಿದರು. ಭಿಕ್ಷುಗಳ ಮಂತ್ರಪಠಣ, ಬುದ್ಧನ ಮೂರ್ತಿ, ಮರಕ್ಕೆ ಕಾವಿ. ಮಂತ್ರಿಸಿದ ನೀರನ್ನು ಹಳ್ಳಿಗಳ ಮುಖಂಡರು ಕುಡಿದು, ಕಾಡನ್ನು ಕಾಯುವ ಮಾತಿಗೆ ಕಟ್ಟುಬೀಳುತ್ತಾರೆ. ಇಂಥ ವಿಧಿಗಳನ್ನು ಕಣ್ಣಾರೆ ಕಂಡು ವರ್ಷಗಟ್ಟಲೆ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞೆ ಸೂಸನ್ ಡಾರ್ಲಿಂಗ್ಟನ್ ಅವರು 2012ರಲ್ಲಿ ಅದರ ಬಗೆಗೆ ಗ್ರಂಥವನ್ನೇ ಬರೆದರು.

ಮರಕ್ಕೆ ಹೊಡೆದ ಫಲಕದಲ್ಲಿ, ಕಾಡಿನ ನಾಶವೆಂದರೆ ‘ಚಾತ್’ನ ನಾಶ ಎಂಬ ಅರ್ಥದ ಬರಹವಿರುತ್ತದೆ. ಈ ‘ಚಾತ್’ ನಮ್ಮ ‘ಜಾತಿ’ ಶಬ್ದವೇ. ಆದರೆ ಅಲ್ಲಿ ಅದಕ್ಕೆ ಜನ್ಮವೆಂದೂ ಅರ್ಥ, ರಾಷ್ಟ್ರವೆಂದೂ ಅರ್ಥ. ಕಾಡು ಹೋದರೆ ಈ ಬಾಳೂ ಹೋಯಿತು, ಮುಂದಿನ ಹುಟ್ಟೂ ಹೋಯಿತು, ನಾಡೂ ಹೋಯಿತು! ಅರಣ್ಯ ಇಲಾಖೆಯ ಕಡತಗಳು ಹೇಳಲಾರದ್ದನ್ನು ಒಂದೇ ಮಾತು ಹೇಳಿಬಿಡುತ್ತದೆ.

ಆಕ್ಷೇಪಗಳೂ ಬಾರದಿರಲಿಲ್ಲ. ವಿನಯದ ನಿಯಮದಂತೆ ದೀಕ್ಷೆ ಮನುಷ್ಯನಿಗಲ್ಲದೆ ಮರಕ್ಕೆ ಸಲ್ಲದು ಎಂದು ಕೆಲವರು ಗದರಿದರು. ಇದು ಸಂಕೇತವಷ್ಟೇ ಎಂದು ಭಿಕ್ಷುಗಳು ಉತ್ತರವಿತ್ತರು. ಬುರಿರಾಮ್ ಪ್ರಾಂತದಲ್ಲಿ ಕಾಡಿನ ಪರವಾಗಿ ನಿಂತ ಫ್ರಾ ಪ್ರಜಾಕ್ 1991ರಲ್ಲಿ ಬಂಧನಕ್ಕೊಳಗಾದರು. ಮರ ಕಡಿಯುವವರಲ್ಲಿ ಬಡ ರೈತರೂ ಉಂಟು; ಹೊಟ್ಟೆಯ ಪ್ರಶ್ನೆಗೆ ಕಾವಿಯೊಂದೇ ಉತ್ತರವಾಗಲಾರದು. ಅದನ್ನು ಬಲ್ಲ ಭಿಕ್ಷುಗಳು ಹಳ್ಳಿಯವರೊಡನೆ ಕೂತು ಬೆಳೆಯನ್ನೂ ಸಾಲವನ್ನೂ ಕುರಿತು ಮಾತನಾಡತೊಡಗಿದರು.

ಇಂದು ಥೈಲೆಂಡಿನಲ್ಲಿ ಅರಣ್ಯ ಉಳಿದಿರುವುದು ನೆಲದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಬ್ಯಾಂಕಾಕಿನ ನಡುವೆ ಹರಿಯುವ ಚಾವೊ ಫ್ರಾಯಾ ನದಿಗೆ ನೀರಿನ ದೊಡ್ಡ ಪಾಲು ಬರುವುದು ನಾನ್ ನದಿಯಿಂದ. ಮುಗಿಲು ಮುಟ್ಟುವ ಮಹಡಿಗಳಲ್ಲಿ ವಾಸಿಸುವವರ ಬದುಕಿನ ಬೇರು ಆ ಬೆಟ್ಟಗಳಲ್ಲಿದೆ. ಬಿಸಿಲು ಮಳೆಗೆ ಮರದ ಮೇಲಿನ ಕಾವಿ ಮಾಸುತ್ತದೆ, ಹರಿಯುತ್ತದೆ. ಹಳ್ಳಿಯವರು ಮತ್ತೆ ಬಂದು ಹೊಸದನ್ನು ಸುತ್ತುವವರೆಗೆ ಮಾತ್ರ ಆ ಮರಕ್ಕೆ ಅಭಯ.