ನಾಲ್ಕು ಗೋಡೆಗಳ ನಡುವಣ ಕಂದುಕಕ್ರೀಡೆ

ಬೆಂಗಳೂರಿನಿಂದ ಬಡಗಣ ದಿಕ್ಕಿಗೆ ಹೊರಡುವ ಬಳ್ಳಾರಿಯ ಹೆದ್ದಾರಿಯಲ್ಲಿ ಬಹುಕಾಲದಿಂದ ಪ್ರಯಾಣಮಾಡದಿರುವ ವಾಚಕರು, ಹೆಬ್ಬಾಳವನ್ನು ದಾಟಿದೊಡನೆ ಬೇರೊಂದು ದೇಶಕ್ಕೆ ಬಂದೆವೆಂದೇ ಭಾವಿಸಿಯಾರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ, ರಾಗಿಯ ಹೊಲಗಳೂ ದ್ರಾಕ್ಷಿಯ ಚಪ್ಪರಗಳೂ ಇದ್ದೆಡೆಯಲ್ಲಿ ಗಾಜಿನ ಮಾಳಿಗೆಗಳೆದ್ದಿರುವುವು. ಊರು ಮಾತ್ರ ಹಳೆಯದು. ಸುಮಾರು ಕ್ರಿ. ಶ. 750ರದೆಂದು ವಿದ್ವಾಂಸರು ನಿರ್ಣಯಿಸಿರುವ ವೀರಗಲ್ಲೊಂದು 2018ರಲ್ಲಿ ಹೆಬ್ಬಾಳದಲ್ಲಿ ದೊರೆಯಿತು. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿ ಉಂಟು. ಮುಂದೆ ಕೆಂಪೇಗೌಡರ ಮನೆತನದ ಯಲಹಂಕ. ಅದರಾಚೆ ವಾಯುಸೇನೆಯ ನೆಲೆ. ಅಲ್ಲಿಂದ ದೇವನಹಳ್ಳಿಯ ಕಡೆಗೆ ಸ್ವಲ್ಪ ದೂರ ಹೋದರೆ, ನಮ್ಮ ನಾಡಿನ ಇಬ್ಬರು ಪ್ರಸಿದ್ಧ ಆಟಗಾರರಾದ ಪ್ರಕಾಶ ಪಡುಕೋಣೆ ಮತ್ತು ರಾಹುಲ ದ್ರಾವಿಡರ ಹೆಸರಿನ ಕ್ರೀಡಾಕೇಂದ್ರವು ಸಿಕ್ಕುವುದು. ಇದು 2017ರಲ್ಲಿ ಪ್ರಾರಂಭವಾಯಿತು.

ನಮ್ಮ ಮಿತ್ರರೊಬ್ಬರ ಮೊಮ್ಮಗಳು ಈ ಪ್ರಾಂತದಲ್ಲಿ ಸ್ಕ್ವಾಷ್ ಎಂಬ ಆಟವನ್ನು ಕಲಿಯುತ್ತಿರುವಳು. “ಮೇಷ್ಟರೆ, ತಾವೊಮ್ಮೆ ಬಂದು ನೋಡಬೇಕು” ಎಂದು ಅವರು ಪದೇ ಪದೇ ಕರೆದುದರಿಂದ, ಮಾಘಮಾಸದ ಒಂದು ಮಧ್ಯಾಹ್ನ ಸಕುಟುಂಬರಾಗಿ ಹೊರಟೆವು. “ಸ್ಕ್ವಾಷ್ ಅಂದರೆ ಸೀಸೆಯಲ್ಲಿ ಬರುವ ಕಿತ್ತಳೆಯ ಪಾನಕವಲ್ಲವೆ?” ಎಂದು ನಮ್ಮ ಮನೆಯವರು ದಾರಿಯಲ್ಲಿ ಕೇಳಿದರು. ಹಲವು ಮನೆಗಳಲ್ಲಿ ಇದೇ ಪ್ರಶ್ನೆ ಹುಟ್ಟಬಹುದಾದುದರಿಂದ ಆಟದ ಸ್ವರೂಪವನ್ನು ಸ್ವಲ್ಪ ತಿಳಿಸುವೆವು.

ಸುತ್ತಲೂ ಗೋಡೆಗಳುಳ್ಳ ಒಂದು ಅಂಗಳ, ಉದ್ದ 9.75 ಮೀಟರು, ಅಗಲ 6.4 ಮೀಟರು. ನಡುವೆ ಬಲೆಯಿಲ್ಲ. ಎದುರಾಳಿಗಳಿಬ್ಬರೂ ಒಂದೇ ಗೋಡೆಗೆ ಮುಖಮಾಡಿ, ಸರದಿಯಮೇಲೆ ಚೆಂಡನ್ನು ಹೊಡೆಯಬೇಕು. ಅದು ನೆಲದಲ್ಲಿ ಎರಡನೆಯ ಸಲ ಪುಟಿಯುವುದರೊಳಗೆ ಮರಳಿಸಬೇಕು. ಹನ್ನೊಂದು ಅಂಶಗಳಿಗೆ ಒಂದು ಆಟ. ಐದರಲ್ಲಿ ಮೂರನ್ನು ಪಡೆದವರಿಗೆ ಜಯ. ಕರಿಯ ರಬ್ಬರಿನ ಆ ಚೆಂಡು ತೂಕದಲ್ಲಿ ಸುಮಾರು 24 ಗ್ರಾಂ. ತಣ್ಣಗಿದ್ದಾಗ ಪುಟಿಯಲೊಲ್ಲದು, ಹೊಡೆದು ಹೊಡೆದು ಬೆಚ್ಚಗಾದ ಮೇಲೆಯೇ ಅದಕ್ಕೆ ಜೀವ ಬರುವುದು. ನಮಗೆ ಮೆಚ್ಚಿಗೆಯಾದ ನಿಯಮ ಬೇರೊಂದುಂಟು: ಹೊಡೆದವನು ಒಡನೆಯೇ ಸರಿದು ಎದುರಾಳಿಗೆ ದಾರಿ ಬಿಡಬೇಕು, ಬಿಡದಿದ್ದರೆ ಕೆಲವು ವೇಳೆ ಅಂಶವನ್ನೇ ಕಳೆದುಕೊಳ್ಳುವನು.

ಈ ಆಟದ ಪೂರ್ವೋತ್ತರವು ವಿಚಿತ್ರವಾದುದು. ಸಾಲತೀರಿಸಲಾರದೆ ಲಂಡನ್ನಿನ ಫ್ಲೀಟ್ ಸೆರೆಮನೆ ಸೇರಿದವರು ಅಲ್ಲಿಯ ಗೋಡೆಗೆ ಚೆಂಡು ಹೊಡೆದು ಹೊತ್ತು ಕಳೆಯುತ್ತಿದ್ದರು. ಅದು ರ್‍ಯಾಕೆಟ್ಸ್ ಎಂಬ ಆಟವಾಯಿತು. ಸುಮಾರು 1830ರಲ್ಲಿ ಹ್ಯಾರೋ ಶಾಲೆಯ ಹುಡುಗರು ಅದನ್ನೇ ಮೆತ್ತನೆಯ ಚೆಂಡಿನಿಂದ ಆಡತೊಡಗಲು ಸ್ಕ್ವಾಷ್ ಹುಟ್ಟಿತು. ನಮ್ಮ ದೇಶಕ್ಕೆ ಅದು ಬಂದದ್ದು ದಂಡಿನವರ ಜೊತೆಯಲ್ಲಿ; ನೆಲೆಸಿದ್ದು ಜಿಮಖಾನೆಗಳಲ್ಲಿಯೂ ಅರಮನೆಗಳಲ್ಲಿಯೂ. ಆದುದರಿಂದಲೇ 1977 ಮೊದಲ್ಗೊಂಡು 1992ರ ವರೆಗೆ ಹದಿನಾರು ವರ್ಷ ಒಂದೇ ಸಮನೆ ನಮ್ಮ ರಾಷ್ಟ್ರದ ಮಹಿಳಾಪ್ರಶಸ್ತಿಯನ್ನು ಗೆದ್ದ ಭುವನೇಶ್ವರಿಕುಮಾರಿಯವರು ಅಲ್ವರ್ ರಾಜಮನೆತನದವರು.

ಹೆಣ್ಣುಮಕ್ಕಳು ಚೆಂಡಾಡುವುದನ್ನು ಕಂಡಾಗ, ಸಂಸ್ಕೃತವನ್ನೋದಿದವರಿಗೆ ದಂಡಿಯ ದಶಕುಮಾರಚರಿತದ ಕಂದುಕಾವತಿಯ ನೆನಪು ಬಾರದಿರದು. ಸುಹ್ಮದೇಶದ ಆ ರಾಜಪುತ್ರಿಯು ತಿಂಗಳಿಗೊಮ್ಮೆ ಕೃತ್ತಿಕಾನಕ್ಷತ್ರದ ದಿನ, ಸರ್ವಜನರೂ ನೋಡುವಂತೆ ಚೆಂಡಾಡಿ ದೇವಿಯನ್ನು ಆರಾಧಿಸುತ್ತಿದ್ದಳು. ಅಲ್ಲಿ ಹೇಳಿರುವ ಚೆಂಡಿನ ಗತಿಗಳಲ್ಲಿ ಗೋಮೂತ್ರಿಕೆಯೆಂಬುದೊಂದು, ಎಂದರೆ ನಡೆಯುವ ಎತ್ತಿನ ಮೂತ್ರವು ನೆಲದಮೇಲೆ ಬರೆವ ಡೊಂಕುಗೆರೆ. ಪಕ್ಕದ ಗೋಡೆಗೆ ತಗುಲಿ ಎದುರುಗೋಡೆಗೆ ಹಾರಿ ಮರಳುವ ಸ್ಕ್ವಾಷಿನ ಚೆಂಡಿಗೆ ಇದಕ್ಕಿಂತ ತಕ್ಕ ಹೆಸರು ನಮಗೆ ತೋರಲಿಲ್ಲ. ಆದರೆ ಕಂದುಕಾವತಿ ಆಡಿದ್ದು ಯೋಗ್ಯನಾದ ಪತಿ ದೊರೆಯಲೆಂಬ ವ್ರತಕ್ಕಾಗಿ. ಈಗಿನ ಬಾಲಿಕೆಯರು ಆಡುವುದು ಗೆಲ್ಲುವುದಕ್ಕಾಗಿ.

ಸ್ತ್ರೀಯರ ವಿಶ್ವಪಂದ್ಯವು ಮೊದಲು ನಡೆದದ್ದು 1976ರಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ. ಗೆದ್ದವರು ಆ ದೇಶದವರೇ ಆದ ಹೆದರ್ ಮೆಕೇ. 1962ರಿಂದ 1981ರ ವರೆಗೆ ಒಂದು ಪಂದ್ಯವನ್ನೂ ಸೋಲದ ಮಹಾನುಭಾವೆ. ಅನಂತರ ಮಲೇಶಿಯದ ನಿಕೋಲ್ ಡೇವಿಡ್ ಎಂಟು ಸಲ ಗೆದ್ದರು. ಈಕೆಯ ತಂದೆ ಭಾರತೀಯ ಮೂಲದವರು. 2025ರಲ್ಲಿ ಶಿಕಾಗೋ ನಗರದಲ್ಲಿ ಈಜಿಪ್ಟಿನ ನೂರ್ ಎಲ್ ಶೆರ್ಬಿನಿ ತಾವೂ ಎಂಟನೆಯ ಸಲ ಗೆದ್ದು ಆ ಲೆಕ್ಕವನ್ನು ಸರಿಗಟ್ಟಿದರು. ಇದೇ ನೂರ್ 2009ರಲ್ಲಿ ನಮ್ಮ ಚೆನ್ನೈಗೆ ಬಂದು, ಹದಿಮೂರೇ ವರ್ಷದ ಬಾಲೆಯಾಗಿ, ಕಿರಿಯರ ವಿಶ್ವಪ್ರಶಸ್ತಿಯನ್ನು ಒಯ್ದಿದ್ದರು.

ಈ ಪಂದ್ಯಗಳನ್ನು ಈಗ ಆಡುವುದು ಗಾಜಿನ ಅಂಗಳದಲ್ಲಿ. ಬಿಚ್ಚಿ, ಒಯ್ದು, ಬೇಕಾದೆಡೆಯಲ್ಲಿ ಜೋಡಿಸಬಹುದು. 2019ರಲ್ಲಿ ಮೊದಲು ಶಿಕಾಗೋದ ರೈಲುನಿಲ್ದಾಣದ ದೊಡ್ಡ ಹಜಾರದಲ್ಲಿಯೂ, ಅದೇ ವರ್ಷ ಮತ್ತೆ ಗೀಜಾದ ಪಿರಮಿಡ್ಡಿನ ಮುಂದುಗಡೆಯೂ ಹೆಂಗಸರ ವಿಶ್ವಪಂದ್ಯ ನಡೆಯಿತು. ಸೆರೆಮನೆಯ ಗೋಡೆಗೆ ಹುಟ್ಟಿದ ಆಟ ನಾಲ್ಕು ಕಡೆಯಿಂದಲೂ ಕಾಣುವಂತಾಯಿತು! ಶಿಕಾಗೋದಲ್ಲಿ ಹತ್ತು ಲಕ್ಷ ಡಾಲರು ಬಹುಮಾನವನ್ನು ಗಂಡಸರಿಗೂ ಹೆಂಗಸರಿಗೂ ಸರಿಸಮನಾಗಿ ಹಂಚಿದರು. ನಮ್ಮಲ್ಲಿ ಈ ಸಮತ್ವವು ತಾನಾಗಿ ಬಂದುದಲ್ಲ. ರಾಷ್ಟ್ರೀಯ ಪಂದ್ಯದಲ್ಲಿ ಹೆಂಗಸರಿಗೆ ಬಹುಮಾನ ಕಡಮೆಯೆಂಬ ಕಾರಣದಿಂದ ದೀಪಿಕಾ ಪಳ್ಳಿಕಲ್ ಅವರು 2012ರಿಂದ ನಾಲ್ಕು ವರ್ಷ ಅದರಲ್ಲಿ ಆಡಲೇ ಇಲ್ಲ. 2016ರಲ್ಲಿ ಸಮನಾದಮೇಲೆ ಬಂದು ಆಡಿ, ಗೆದ್ದರು.

ನಮ್ಮವರ ಪೈಕಿ ವಿಶೇಷವಾಗಿ ಹೆಸರಿಸತಕ್ಕವರು ಜೋಷ್ನಾ ಚಿಣ್ಣಪ್ಪ. ಹುಟ್ಟಿದ್ದು ಚೆನ್ನೈಯಲ್ಲಿ, ಮನೆತನ ಕೊಡಗಿನದು. 2005ರಲ್ಲಿ ಬೆಲ್ಜಿಯಂ ದೇಶದಲ್ಲಿ ನಡೆದ ಕಿರಿಯರ ವಿಶ್ವಪಂದ್ಯದ ಕೊನೆಯ ಸುತ್ತಿನವರೆಗೂ ಹೋಗಿ, ಈಜಿಪ್ಟಿನ ರನೀಮ್ ಎಲ್ ವೆಲಿಲಿಗೆ ಸೋತರು. ಆ ರನೀಮ್ 2017ರಲ್ಲಿ ಹಿರಿಯರ ವಿಶ್ವಪ್ರಶಸ್ತಿಯನ್ನೂ ಪಡೆದರು. ಜೋಷ್ನಾ ಅವರಾದರೋ 2019ರಲ್ಲಿ ಹದಿನೇಳನೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದು ಭುವನೇಶ್ವರಿಕುಮಾರಿಯವರ ದಾಖಲೆಯನ್ನು ಮೀರಿದರು. 2022ರ ಏಪ್ರಿಲಿನಲ್ಲಿ ಗ್ಲಾಸ್ಗೋ ನಗರದಲ್ಲಿ ದೀಪಿಕಾ ಅವರೊಡಗೂಡಿ ಜೋಡಿಯಾಟದ ವಿಶ್ವಪ್ರಶಸ್ತಿಯನ್ನೂ ತಂದರು. ದೀಪಿಕಾ ಅವಳಿ ಮಕ್ಕಳನ್ನು ಹೆತ್ತು ಆಗ್ಗೆ ಸುಮಾರು ಆರು ತಿಂಗಳಾಗಿತ್ತೆಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು.

ಇಷ್ಟಾದರೂ ಒಂಟಿಯಾಟದ ವಿಶ್ವಪ್ರಶಸ್ತಿಯು 2025ರ ವರೆಗೆ ಭಾರತದ ಯಾವ ಹೆಣ್ಣುಮಗಳಿಗೂ ದೊರೆತಿಲ್ಲ. ಈಜಿಪ್ಟಿನವರಿಗೆ ಸಾಲುಸಾಲಾಗಿ ದೊರೆತುದೇಕೆ? ಕೈರೋ, ಅಲೆಕ್ಸಾಂಡ್ರಿಯ ಎಂಬ ಎರಡು ಪಟ್ಟಣಗಳ ಸಂಘಗಳಲ್ಲಿ ಅಂಗಳಗಳು ಹತ್ತಿರ ಹತ್ತಿರ ಇರುವುವು. ವಿಶ್ವವಿಜೇತೆಯು ಆಡುವ ಅಂಗಳದ ಪಕ್ಕದಲ್ಲಿಯೇ ಎಂಟು ವರ್ಷದ ಮಗು ಆಡುವುದು. ದಿನದಿನವೂ ಕಣ್ಣಿಗೆ ಬಿದ್ದುದು ಕೈಗೆ ತಾನೇ ಬರುವುದು. ಗುರುಕುಲದ ಕ್ರಮವೂ ಇದೇ ಅಲ್ಲವೆ? ಯಲಹಂಕದ ಕೇಂದ್ರದಲ್ಲಿ ಬ್ಯಾಡ್ಮಿಂಟನ್ ಆಟಕ್ಕೆ ಇಂಥ ಕ್ರಮವು ಆಗಲೇ ನೆಲೆಗೊಂಡಿದೆ. ಪ್ರಕಾಶರ ಶಾಲೆ ಇರುವುದು ಅಲ್ಲಿಯೇ. ಸ್ಕ್ವಾಷಿಗೂ ಅಲ್ಲಿ ಅಂಗಳಗಳುಂಟು. ಆದರೆ ಸುತ್ತಣ ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಗೆ ಇಂಥ ಅಂಗಳ ಎಲ್ಲಿಂದ ಬರಬೇಕು? ಒಂದು ಅಂಗಳವು ದೊಡ್ಡ ಪಾಠದ ಕೊಠಡಿಯಷ್ಟೇ ಜಾಗವನ್ನು ಹಿಡಿಯುವುದೆಂದು ನಾವು ಲೆಕ್ಕಹಾಕಿದೆವು. ಆದರೆ ಕೊಠಡಿಯಲ್ಲಿ ನಲವತ್ತು ಮಕ್ಕಳು ಕೂರಬಹುದು, ಅಂಗಳದಲ್ಲಿ ಇಬ್ಬರೇ ಆಡಬಹುದು. ಈ ತೊಡಕಿಗೆ ನಮ್ಮಲ್ಲಿ ಉತ್ತರವಿಲ್ಲ.

ಮಿತ್ರರ ಮೊಮ್ಮಗಳು ಆಡುತ್ತಿದ್ದಾಗ, ಗಾಜಿನ ಹಿಂದಿನ ಬೆಂಚಿನಲ್ಲಿ ಮತ್ತೊಬ್ಬ ಹುಡುಗಿಯ ತಾಯಿ ಕುಳಿತಿದ್ದರು. ನಾವು ನಿವೃತ್ತ ಉಪಾಧ್ಯಾಯರೆಂದು ತಿಳಿದೊಡನೆ ಅವರು, “ಮೇಷ್ಟ್ರೇ, ದಿನಾ ಎರಡು ಬಸ್ಸು ಹತ್ತಿ ಕರಕೊಂಡು ಬರ್ತೀನಿ. ಬರೋ ವರ್ಷ ಹತ್ತನೇ ಕ್ಲಾಸು. ಆಟ ಬಿಡಿಸಿಬಿಡು ಅಂತಾರೆ ಇವಳಪ್ಪ. ನೀವೇ ಹೇಳಿ, ಬಿಡಿಸಬೇಕಾ?” ಎಂದು ಕೇಳಿದರು. ಹೆಣ್ಣುಮಕ್ಕಳ ಆಟವು ನಿಲ್ಲುವುದು ಬಹುಮಟ್ಟಿಗೆ ಈ ಹತ್ತನೆಯ ತರಗತಿಯಲ್ಲಿಯೇ; ಇದನ್ನು ನಾವು ಶಾಲೆಯಲ್ಲಿ ವರ್ಷವರ್ಷವೂ ಕಂಡವರು. ಜೇಬಿನಲ್ಲಿದ್ದ ಲಕೋಟೆಯ ಹಿಂಬದಿಯಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹಂಚಿ ಬರೆದೆವು: ನಿದ್ರೆಗೆ ಎಂಟು, ಶಾಲೆಗೆ ಏಳು, ಮನೆಯ ಓದಿಗೆ ಮೂರು, ಬಸ್ಸೂ ಸೇರಿ ಆಟಕ್ಕೆ ಮೂರು, ಇನ್ನೂ ಮೂರು ಉಳಿದುವು. ಆಕೆ ಅದನ್ನು ಎರಡು ಸಲ ಓದಿ, “ಇದನ್ನ ಅವರಪ್ಪನ ಕೈಗೇ ಕೊಡ್ತೀನಿ” ಎಂದು ಮಡಿಸಿ ಚೀಲದಲ್ಲಿಟ್ಟುಕೊಂಡರು. “ಮನೆಗೆಲಸದ ಲೆಕ್ಕ ಹಾಕಲೇ ಇಲ್ಲವಲ್ಲ!” ಎಂದು ನಮ್ಮ ಮನೆಯವರು ಪಕ್ಕದಿಂದ ಹೇಳಿದರು. ಆ ಮೂರು ಗಂಟೆ ಅದಕ್ಕೇ ಎಂದೆವು, ಅವರು ನಕ್ಕರು.

ಮಕ್ಕಳನ್ನು ಈ ಆಟಕ್ಕೆ ಸೇರಿಸತಕ್ಕವರು ಒಂದನ್ನು ಮರೆಯಬಾರದು. ಚೆಂಡು ಕಣ್ಣಿನ ಗುಳಿಗೆ ಸರಿಹೋಗುವಷ್ಟು ಚಿಕ್ಕದು. ಆದುದರಿಂದ ಕಿರಿಯರು ಆಡುವಾಗ ಕಣ್ಣಿನ ಕವಚವನ್ನು ತಪ್ಪದೆ ಹಾಕಬೇಕು. 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಒಲಿಂಪಿಕ್ ಸಭೆಯು 2028ರ ಲಾಸ್ ಏಂಜಲಿಸ್ ಪಂದ್ಯಗಳಿಗೆ ಸ್ಕ್ವಾಷನ್ನು ಮೊಟ್ಟಮೊದಲ ಬಾರಿಗೆ ಸೇರಿಸಿತಾದುದರಿಂದ, ಕಲಿಯಬೇಕೆನ್ನುವ ಮಕ್ಕಳು ಹೆಚ್ಚುತ್ತಿರುವರೆಂದು ಅಲ್ಲಿದ್ದ ಶಿಕ್ಷಕರು ಹೇಳಿದರು. ನೋಡಲು ಹೋಗುವವರಿಗೆ ಸಂಜೆಯ ಹೊತ್ತು ಒಳ್ಳೆಯದು. ಹಿಂದಿರುಗುವಾಗ ಮಾತ್ರ ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ನೂಕುನುಗ್ಗಲಿಗೆ ಒಂದು ಗಂಟೆಯನ್ನು ಬೇರೆಯಾಗಿ ಎತ್ತಿಟ್ಟಿರಬೇಕು.