ಹರಮುಖದ ನೀರಿನ ಬೆನ್ನು ಹತ್ತಿ

ಕಾಶ್ಮೀರದ ವಿಷನ್‌ಸರ್ ಸರೋವರದಿಂದ ಹೊರಬೀಳುವ ತೊರೆಯನ್ನು ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಅದೇ ತೊರೆ ಮುಂದೆ ಕಿಶನ್‌ಗಂಗಾ ನದಿಯಾಗಿ ಗುರೇಜ್ ಕಣಿವೆಯನ್ನು ಹಾದು, ನಿಯಂತ್ರಣ ರೇಖೆಯ ಆಚೆ ನೀಲಂ ಎಂದು ಕರೆಸಿಕೊಂಡು, ಮುಜಫರಾಬಾದಿನಲ್ಲಿ ಝೇಲಂ ಸೇರುತ್ತದೆ. ನಮ್ಮ ಗುಂಪಿನಲ್ಲಿದ್ದ ಭೂಗೋಳದ ಮೇಷ್ಟ್ರು ಇದನ್ನು ಹೇಳಿದ್ದು, ನಾವೆಲ್ಲ ಬೂಟು ಕಳಚಿ ಆ ಕೊರೆಯುವ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾಗ. ಅಲ್ಲಿಂದ ಮುಂದೆ ಯಾವ ಸರೋವರದ ದಂಡೆಗೆ ಬಂದರೂ ನಮ್ಮ ಮೊದಲ ಪ್ರಶ್ನೆ ಒಂದೇ ಆಯಿತು: “ಮೇಷ್ಟ್ರೇ, ಈ ನೀರು ಎಲ್ಲಿಗೆ ಹೋಗುತ್ತೆ?”

ಸೋನಮಾರ್ಗದ ಬಳಿ ಶುರುವಾಗಿ ನಾರಾನಾಗ್‌ನಲ್ಲಿ ಮುಗಿಯುವ ಈ ಚಾರಣದ ದಾರಿ ಸುಮಾರು 70 ಕಿಲೋಮೀಟರ್. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇಲ್ಲಿ ನಡೆಯುವುದು ಸಲೀಸು. ನಮ್ಮ ಮಲೆನಾಡು ಮಳೆಯಲ್ಲಿ ಮುಳುಗಿರುವ ಆ ತಿಂಗಳುಗಳಲ್ಲಿ ಇಲ್ಲಿ ಮಳೆ ಕಡಿಮೆ. ತೆಂಕಣದಿಂದ ಬರುವ ಮೋಡಗಳನ್ನು ಪೀರ್ ಪಂಜಾಲ್ ಶ್ರೇಣಿ ಬಹಳಮಟ್ಟಿಗೆ ತಡೆಯುತ್ತದೆ. ಊಟದ ಸಾಮಾನು, ಡೇರೆಗಳು ಕುದುರೆಗಳ ಮೇಲೆ. ಉಳಿದದ್ದೆಲ್ಲ ನಮ್ಮ ಬೆನ್ನ ಮೇಲೆ.

ಪೈನ್ ಕಾಡು ಹಿಂದೆ ಸರಿದ ಮೇಲೆ ಭೂರ್ಜ ಮರಗಳು ಬಂದವು. ಬಿಳಿ ತೊಗಟೆ ತಾನಾಗಿಯೇ ತೆಳ್ಳಗೆ ಸುಲಿದು ಗಾಳಿಗೆ ಅಲುಗಾಡುತ್ತಿತ್ತು. ಕಾಶ್ಮೀರದ ಪಂಡಿತರು ಶತಮಾನಗಳ ಕಾಲ ಶಾರದಾ ಲಿಪಿಯಲ್ಲಿ ಗ್ರಂಥಗಳನ್ನು ಬರೆದಿಟ್ಟದ್ದು ಇದರ ಮೇಲೆಯೇ. ತಾಳೆಗರಿಯಲ್ಲಿ ಕಂಟದಿಂದ ಕೊರೆದು ಬರೆದ ನಾಡಿನಿಂದ ಬಂದ ನಾವು ಉದುರಿದ ಒಂದು ತುಂಡನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಎಷ್ಟು ಮೃದು! ಮರದಿಂದ ಮಾತ್ರ ಯಾರೂ ಕೀಳಲಿಲ್ಲ. ಇಷ್ಟು ಎತ್ತರದಲ್ಲಿ ಮರ ಬೆಳೆಯುವುದೇ ಬಹಳ ನಿಧಾನ. ಭೂರ್ಜವೂ ಮುಗಿದ ಮೇಲೆ ಬರೀ ಹುಲ್ಲು, ಕಲ್ಲು, ಮತ್ತೆ ಸುಮಾರು 4,100 ಮೀಟರ್ ಎತ್ತರದ ನಿಚ್ನಾಯ್ ಪಾಸ್.

ವಿಷನ್‌ಸರ್‌ನ ಮೇಲಕ್ಕೆ ಕಿಶನ್‌ಸರ್ ಇದೆ. ಮೇಲಿನದರ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಗಡ್‌ಸರ್ ಪಾಸಿನ ಏರು ಹತ್ತಬೇಕು. ಈ ದಾರಿಯಲ್ಲೇ ಅತಿ ಎತ್ತರದ ಜಾಗ ಅದು, ಸುಮಾರು 4,200 ಮೀಟರ್. ಹತ್ತು ಹೆಜ್ಜೆ ನಡೆದು ಉಸಿರಿಗಾಗಿ ನಿಲ್ಲುವುದು, ನಿಂತಾಗ ತಿರುಗಿ ನೋಡುವುದು. ಪ್ರತಿ ಸಲ ತಿರುಗಿದಾಗಲೂ ಸರೋವರಗಳ ಬಣ್ಣ ಬೇರೆ. ಬೆಳಿಗ್ಗೆ ಕಪ್ಪಾಗಿದ್ದ ನೀರು ಬಿಸಿಲು ಏರುತ್ತಿದ್ದಂತೆ ನವಿಲಿನ ಕೊರಳಾಯಿತು. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ನುಣ್ಣನೆಯ ಪುಡಿ ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಈ ಬಣ್ಣ ಎಂದು ಮೇಷ್ಟ್ರು ವಿವರಿಸಿದರು. ಈ ಬೋಗುಣಿಗಳನ್ನು ಕೊರೆದದ್ದೂ ಆ ಹಿಮವೇ. ಕಾರಣ ತಿಳಿದ ಮೇಲೆ ನನಗೆ ಆ ನೀಲಿ ಇನ್ನೂ ಹೆಚ್ಚು ಇಷ್ಟವಾಯಿತು. ನೀರಿನಲ್ಲಿ ಚಿಮ್ಮುವ ಕಂದು ಟ್ರೌಟ್ ಮೀನು ಮಾತ್ರ ಇಲ್ಲಿನದಲ್ಲ. 1900ರ ಹೊತ್ತಿಗೆ ಬ್ರಿಟನ್ನಿನಿಂದ ಹಡಗಿನಲ್ಲಿ ತಂದ ಮೊಟ್ಟೆಗಳ ಸಂತತಿ.

ಪಾಸ್ ಇಳಿದರೆ ಹೂವಿನ ಕಣಿವೆ. ಗಡ್‌ಸರ್‌ನ ದಂಡೆಯಲ್ಲಿ ಇನ್ನೂ ಹಿಮದ ಹಾಸು ಉಳಿದಿತ್ತು, ಅದರಿಂದ ಮುರಿದ ತುಂಡುಗಳು ನೀರಿನಲ್ಲಿ ತೇಲುತ್ತಿದ್ದವು. ಸ್ವಲ್ಪ ಕೆಳಗೆ ಬಕರ್‌ವಾಲರ ಕಲ್ಲುಗೂಡು. ಚಳಿಗಾಲವನ್ನು ಜಮ್ಮುವಿನ ತಗ್ಗುಪ್ರದೇಶದಲ್ಲಿ ಕಳೆದು, ವಸಂತದಲ್ಲಿ ಆಡು ಕುರಿ ಹೊಡೆದುಕೊಂಡು ಇಡೀ ಸಂಸಾರ ಇಲ್ಲಿಗೆ ಏರಿ ಬರುತ್ತದೆ. ಮನೆಯ ಅಜ್ಜಿ ನಮ್ಮ ಗೆಳತಿಯನ್ನು “ಬೇಟಿ” ಎಂದು ಕರೆದು ಒಲೆಯ ಪಕ್ಕ ಕೂರಿಸಿದರು. ಉಪ್ಪು ಹಾಕಿದ ಚಹಾ, ಜೋಳದ ರೊಟ್ಟಿ. ಜೋಳವೆಂದರೆ ಮೆಕ್ಕೆಜೋಳ, ಆದರೂ ತಟ್ಟುವ ಕೈಯ ಸದ್ದು ಕೇಳಿ ನಮ್ಮ ವಿಜಯಪುರದ ಗೆಳೆಯ ಸುಮ್ಮನೆ ಕೂತುಬಿಟ್ಟ. ಹಣ ಕೊಡಹೋದರೆ ಅಜ್ಜಿ ಬೈದರು. ಮುಂದಿನ ಸೇನಾ ಚೌಕಿಯಲ್ಲಿ ಯೋಧರು ನಮ್ಮ ಗುರುತಿನ ಚೀಟಿಗಳನ್ನು ನೋಡಿ ಹೆಸರು ಬರೆದುಕೊಂಡರು. ರೇಖೆ ದೂರವಿಲ್ಲ ಎನ್ನುವುದು ನೆನಪಾಯಿತು.

ಸತ್‌ಸರ್‌ನಲ್ಲಿ ಏಳು ಸರೋವರಗಳಿವೆ ಎನ್ನುತ್ತಾರೆ. ಬೇಸಿಗೆ ಕಳೆಯುತ್ತಾ ಬಂದಂತೆ ಕೆಲವು ಬತ್ತುತ್ತವೆ. ನಾವು ಬೇಗ ದಾಟಿದೆವು.

ಝಚ್ ಪಾಸಿನ ಮೇಲಿಂದ ಹರಮುಖ ಕಂಡಿತು. 5,142 ಮೀಟರಿನ ಶಿಖರ, ಅದರ ಬುಡದಲ್ಲಿ ಗಂಗಾಬಲ್ ಮತ್ತು ನುಂದ್‌ಕೋಲ್. ಕಾಶ್ಮೀರಿ ಪಂಡಿತರಿಗೆ ಇದು ಶಿವನ ನೆಲೆ. ತಮ್ಮವರ ಅಸ್ಥಿಯನ್ನು ಗಂಗಾಬಲ್‌ನಲ್ಲಿ ಬಿಡುವುದು ಅವರ ಹಳೆಯ ಪದ್ಧತಿ. 1856ರಲ್ಲಿ ಸರ್ವೇ ಅಧಿಕಾರಿ ಮಾಂಟ್‌ಗೋಮರಿ ಇದೇ ಹರಮುಖದ ಮೇಲೆ ನಿಂತು, ಸುಮಾರು 200 ಕಿಲೋಮೀಟರ್ ಆಚೆಯ ಕಾರಕೋರಂನ ಎರಡು ಶಿಖರಗಳನ್ನು ಗುರುತಿಸಿ ಕೆ1, ಕೆ2 ಎಂದು ಬರೆದುಕೊಂಡ. ಜಗತ್ತಿನ ಎರಡನೆಯ ಅತಿ ಎತ್ತರದ ಶಿಖರ ಇಂದಿಗೂ ಆ ಗುರುತಿನಿಂದಲೇ ಪರಿಚಿತ. ಅವನಿಗಿಂತ ಮೊದಲಿನ ಸರ್ವೇ ಅಧಿಕಾರಿ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿ, 1804ರಲ್ಲಿ ಬೆಂಗಳೂರಿನ ಬಳಿ ನೆಲ ಅಳೆದು ಮುಂದುವರಿಸಿದ, ದೇಶವನ್ನು ಅಳೆಯುವ ತ್ರಿಕೋನಗಳ ಸರಪಳಿಯೇ ಅರ್ಧ ಶತಮಾನದ ನಂತರ ಇಲ್ಲಿಗೆ ತಲುಪಿತ್ತು. ನಮ್ಮೂರಿನ ಬಯಲಿನಿಂದ ಈ ಹಿಮದವರೆಗೆ ಅಳೆಯುತ್ತಾ ಬಂದವರು, ಸಲಕರಣೆ ಹೊತ್ತ ಹೆಸರಿಲ್ಲದ ಕೂಲಿಗಳು, ಇವರನ್ನು ನೆನೆದು ನನ್ನ ಬೆನ್ನಿನ ಭಾರದ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಗಂಗಾಬಲ್ ದಂಡೆಯಲ್ಲಿ ಮತ್ತದೇ ಪ್ರಶ್ನೆ. ಮೇಷ್ಟ್ರು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿದರು. ನೀರು ನುಂದ್‌ಕೋಲ್‌ಗೆ, ಅಲ್ಲಿಂದ ವಾಂಗತ್ ಹಳ್ಳಕ್ಕೆ, ಕಂಗನ್ ಕಡೆಗೆ ಇಳಿದು ಸಿಂಧ್‌ಗೆ (ದೊಡ್ಡ ಸಿಂಧೂ ಅಲ್ಲ, ಕಾಶ್ಮೀರದೊಳಗಿನ ಸಿಂಧ್), ಶಾದೀಪುರದಲ್ಲಿ ಝೇಲಂಗೆ, ವುಲರ್ ಸರೋವರ ಹೊಕ್ಕು ಹೊರಟು, ಬಾರಾಮುಲ್ಲಾ ದಾಟಿ ಮುಜಫರಾಬಾದಿಗೆ. “ನಾವು ಕಾಲಿಟ್ಟಿದ್ದ ವಿಷನ್‌ಸರ್ ನೀರು ಇದಕ್ಕೆ ಸಿಗೋದು ಅಲ್ಲೇ,” ಎಂದರು. ಬೇರೆ ಬೇರೆ ದಿಕ್ಕಿಗೆ ಹೋಗಿ, ಎರಡೂ ರೇಖೆ ದಾಟಿ ಅಲ್ಲಿ ಕೂಡುತ್ತವೆ.

ನಾರಾನಾಗ್‌ಗೆ ಕಡಿದಾದ ಇಳಿಜಾರು, ಮಂಡಿಗಳು ನಡುಗಿದವು. ಲಲಿತಾದಿತ್ಯನ ಕಾಲದ್ದೆನ್ನುವ, ಎಂಟನೆಯ ಶತಮಾನದ ದೇಗುಲಗಳು ಪಾಳುಬಿದ್ದು ನಿಂತಿವೆ, ಪಕ್ಕದ ಕಲ್ಲಿನ ಕೊಳದಲ್ಲಿ ಬುಗ್ಗೆಯ ನೀರು ಈಗಲೂ ತುಂಬುತ್ತಿದೆ. ಅಲ್ಲಿಂದ ಜೀಪು ಹಿಡಿದೆವು. ಶ್ರೀನಗರದಲ್ಲಿ ಶಾಲು ಕೊಳ್ಳಲೆಂದು ಇಟ್ಟುಕೊಂಡಿದ್ದ ಅರ್ಧ ದಿನವನ್ನು ಶಾದೀಪುರಕ್ಕೆ ಕೊಡೋಣ ಎಂದು ಗೆಳತಿ ಹೇಳಿದಾಗ ಯಾರೂ ಬೇಡ ಎನ್ನಲಿಲ್ಲ. ಮುಜಫರಾಬಾದಿನ ಸಂಗಮಕ್ಕೆ ನಮಗೆ ದಾರಿಯಿಲ್ಲ. ಸಿಂಧ್ ಝೇಲಂ ಸೇರುವ ಜಾಗವನ್ನಾದರೂ ದಡದಲ್ಲಿ ನಿಂತು ನೋಡಿಯೇ ವಿಮಾನ ಹತ್ತಿದೆವು.