ಎಂಟನೆಯ ಮೈಲಿಯ ನೀರು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಎಂಟನೆಯ ಮೈಲಿ ಎಂಬ ಸ್ಥಳವೊಂದುಂಟು. ಮೈಲಿಗಲ್ಲುಗಳ ಕಾಲವು ಕಳೆದುಹೋದರೂ ಜನರ ಬಾಯಲ್ಲಿ ಆ ಹೆಸರು ಅಳಿದಿಲ್ಲ. ಅಲ್ಲಿ ಬಸ್ಸಿನಿಂದಿಳಿದರೆ ಟಿ. ದಾಸರಹಳ್ಳಿ. ಹೆಸರಿಗೆ ಹಳ್ಳಿ, ಕೆಲವು ಕಾಲ ನಗರಸಭೆಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದ ಊರು. 2015ರ ಮೇ ತಿಂಗಳಿಂದ ಮೆಟ್ರೋ ರೈಲು ಇದರ ನೆತ್ತಿಯ ಮೇಲೆಯೇ ಓಡಾಡುತ್ತಿರುವುದು. ಪಕ್ಕದಲ್ಲಿಯೇ ಪೀಣ್ಯದ ಕೈಗಾರಿಕಾ ಪ್ರದೇಶ. ಅಲ್ಲಿಯ ಯಂತ್ರಗಳ ಸದ್ದು ನಿಂತ ದಿನ ನಮ್ಮ ಬೀದಿಯವರಿಗೆ ಏನೋ ಅಮಂಗಳವೆನ್ನಿಸುವುದು.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ನಾವು ಈ ಊರಿನ ಅಡ್ಡರಸ್ತೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ವಾಸವಾಗಿರುವೆವು. ವಾಸವಿರುವ ಊರಿಗೇ ಪ್ರವಾಸವೇ ಎಂದು ವಾಚಕರು ನಗಬಹುದು. ಆದರೆ ಕಳೆದ ಮಾಘಮಾಸದ ಒಂದು ಭಾನುವಾರ ನಾವು ಕೈಗೊಂಡ ಎರಡು ಮೈಲಿಯ ಯಾತ್ರೆಯು ಕಾಶಿಯಾತ್ರೆಗಿಂತಲೂ ನಮಗೆ ಹೊಸದಾಗಿತ್ತು.

ನಮ್ಮ ಕಿರಿಯ ಮಗಳು ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯಲ್ಲಿ ಪರಿಸರ ವಿಜ್ಞಾನದ ಎಂ.ಎಸ್‌ಸಿ. ತರಗತಿಗೆ ಸೇರುವೆನೆಂದಾಗ ಮನೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಅವಳ ತಾಯಿಯು, "ಕಸದ ವಿಚಾರ ತಿಳಿಯಲು ಕಾಲೇಜು ಬೇಕೇನೇ?" ಎಂದಳು. ಇಂಜಿನಿಯರಿಂಗ್ ಓದಿದ ಅಣ್ಣನು, ಇದಕ್ಕೆ ಕೆಲಸ ಕೊಡುವವರು ಯಾರೆಂದು ಕೇಳಿದನು. ನಾವಾದರೋ ನಮ್ಮ ಹಳೆಯ ಚಾಳಿಯಂತೆ ಶಬ್ದಕ್ಕೆ ಗಂಟುಬಿದ್ದೆವು. ಹಿಂದಿಯವರು ಪರ್ಯಾವರಣವೆನ್ನುವರು, ಅದು ಸುತ್ತಲೂ ಮುಚ್ಚಿಕೊಂಡಿರುವುದು. ನಮ್ಮವರು ಪರಿಸರವೆಂದರು, ಸಂಸ್ಕೃತದಲ್ಲಿ ಅದಕ್ಕೆ ಊರಿನ ಅಥವಾ ನದಿಯ ಅಂಚಿನ ನೆಲವೆಂದರ್ಥ. ಹಾಗೆಂದು ವಿವರಿಸಿದಾಗ ಮಗಳು, "ಹಾಗಾದರೆ ಅಪ್ಪಾ, ದಾಸರಹಳ್ಳಿಯೇ ಪರಿಸರವಾಯಿತಲ್ಲ!" ಎಂದು ನಮ್ಮ ವ್ಯಾಕರಣದಿಂದಲೇ ನಮ್ಮ ಬಾಯಿ ಮುಚ್ಚಿಸಿದಳು.

ಈ ವಿದ್ಯೆಯು ಕಾಲೇಜುಗಳಿಗೆಲ್ಲ ಬಂದ ಬಗೆಯೂ ಸ್ವಾರಸ್ಯವುಳ್ಳದ್ದು. ಎಂ. ಸಿ. ಮೆಹ್ತಾ ಎಂಬ ವಕೀಲರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ, ಪರಿಸರದ ಪಾಠವು ವಿದ್ಯಾರ್ಥಿಗಳೆಲ್ಲರಿಗೂ ಕಡ್ಡಾಯವಾಗತಕ್ಕದ್ದೆಂದು ತೀರ್ಪಿತ್ತಿತು. ತೀರ್ಪು ಕಾಗದದಿಂದ ಕೊಠಡಿಗೆ ಇಳಿಯಲು ಹತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ಕಡೆಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆಲ್ಲ ಆರು ತಿಂಗಳ ಪಾಠಕ್ರಮವನ್ನು ರಚಿಸಿತು. ಸಮೀಪದ ಕಲುಷಿತ ಸ್ಥಳವೊಂದನ್ನು ವಿದ್ಯಾರ್ಥಿಯು ಕಣ್ಣಾರೆ ನೋಡಿ ಬರೆಯಬೇಕೆಂಬುದು ಅದರಲ್ಲಿಯ ಒಂದು ವಿಧಿ. ಅದಕ್ಕಾಗಿ ಇತರರು ಬಸ್ಸು ಗೊತ್ತುಮಾಡಿಕೊಂಡು ಹೋಗುವರಂತೆ. ನಮ್ಮ ಮಗಳಿಗೆ ಹೊಸ್ತಿಲು ದಾಟಿದರೆ ಸಾಕಾಗಿತ್ತು. ಈಗ ಮೇಲಿನ ತರಗತಿಯ ಪ್ರಬಂಧಕ್ಕೂ ಅವಳು ಆರಿಸಿಕೊಂಡದ್ದು ನಮ್ಮ ಬೀದಿಗಳ ಕೊಳವೆಬಾವಿಗಳನ್ನೇ.

ಚೀಲದಲ್ಲಿ ತೊಳೆದ ಸೀಸೆಗಳನ್ನಿಟ್ಟುಕೊಂಡು ಮುಂಜಾನೆಯೇ ಹೊರಟೆವು. ಮೊದಲ ಸೀಸೆಯನ್ನು ನಮ್ಮ ಹಿತ್ತಲಿನಲ್ಲಿಯೇ ತುಂಬಿದಳು. ಕಾವೇರಿಯ ನೀರು ಬಾರದ ದಿನಗಳಲ್ಲಿ ನಮ್ಮ ಅಡಿಗೆಯೂ ಆ ಬಾವಿಯ ನೀರಿನಿಂದಲೇ ನಡೆಯುತ್ತಿತ್ತು. ದಾರಿಯಲ್ಲಿ ಮಗಳು ಚರಂಡಿಗಳ ಇಳಿಜಾರನ್ನು ತೋರಿಸುತ್ತ ಬಂದಳು. ಪೀಣ್ಯದ ಕಡೆಯಿಂದ ಇಳಿಯುವ ನೀರು ವೃಷಭಾವತಿಯನ್ನು ಸೇರಿ, ಅವಳ ವಿಶ್ವವಿದ್ಯಾನಿಲಯದ ಪಕ್ಕದಲ್ಲಿಯೇ ಹರಿದು, ಬಿಡದಿಯ ಬಳಿಯ ಬೈರಮಂಗಲದ ಕೆರೆಯಲ್ಲಿ ತಂಗಿ, ಅರ್ಕಾವತಿಯನ್ನೂ ಕೊನೆಗೆ ಕಾವೇರಿಯನ್ನೂ ಕೂಡುವುದು. ಆ ಕಾವೇರಿಯನ್ನು ನಾವು ದಿನವೂ ಸ್ನಾನಕಾಲದಲ್ಲಿ ಕಲಶಕ್ಕೆ ಆವಾಹಿಸುವೆವು! ನಾವು ಮಾತನಾಡದೆ ನಡೆದೆವು.

ನಮ್ಮ ಮುಖಭಾವವನ್ನು ಕಂಡೋ ಏನೋ, ಅವಳು ಇದೇ ತುಮಕೂರು ಜಿಲ್ಲೆಯ ಬೇರೊಂದು ಕಥೆಯನ್ನು ಹೇಳಿದಳು. ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆಯನ್ನು ಸ್ಥಾಪಿಸಿದರು. ಹೊಗೆ ಕಡಮೆಯಾಗಿ ಸೌದೆ ಉಳಿಸುವ 'ಅಸ್ತ್ರ ಒಲೆ'ಯನ್ನು ನಮ್ಮ ಗೃಹಿಣಿಯರಲ್ಲಿ ಕೆಲವರು ಬಲ್ಲರು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯಿಂದ ಎಲ್ಲರ ಅಡಿಗೆಗೂ ಅನಿಲ ಒದಗಿಸಲು ಯತ್ನಿಸಿದಾಗ ಸಗಣಿ ಸಾಲದೆ ಹೋಯಿತು. ಆಗ ವಿಜ್ಞಾನಿಗಳು ಹಟ ಹಿಡಿಯಲಿಲ್ಲ. 1987ರಿಂದ ಅದೇ ಅನಿಲದಿಂದ ವಿದ್ಯುತ್ತನ್ನುಂಟುಮಾಡಿ ಮನೆಗಳಿಗೆ ದೀಪ, ಊರಿಗೆ ಕೊಳಾಯಿಯ ನೀರು ಒದಗಿಸಿದರು. ಸಗಣಿ ತಂದವರು ಗೊಬ್ಬರವನ್ನು ಹಿಂದಕ್ಕೆ ಒಯ್ದರು. ಜನರಿಗೆ ಮೊದಲು ಬೇಕಾದದ್ದೇನೆಂದು ಅವರನ್ನೇ ಕೇಳುವುದೂ ತನ್ನ ಶಾಸ್ತ್ರದಲ್ಲಿ ಒಂದು ಪಾಠವೆಂದು ಮಗಳು ಹೇಳಿದಳು. ಕಸದ ವಿಚಾರವೆಂದು ನಗೆಯಾಡಿದ್ದಕ್ಕೆ ನಮಗೆ ಆಗಲೇ ನಾಚಿಕೆಯಾಗತೊಡಗಿತ್ತು.

ಕಡೆಯ ಸೀಸೆಗಳ ಹೊತ್ತಿಗೆ ಒಂದು ಚಿಕ್ಕ ಕಾರ್ಖಾನೆಯ ಬಾಗಿಲಿಗೆ ಬಂದೆವು. ಅದರ ಯಜಮಾನನು ನಮ್ಮ ಹಳೆಯ ಶಿಷ್ಯ. ಅಮರಕೋಶದ ಪಾಠದಲ್ಲಿ ನಿದ್ರಿಸುತ್ತಿದ್ದವನು, ಈಗ ಹನ್ನೊಂದು ಸಂಸಾರಗಳಿಗೆ ಅನ್ನವಿಕ್ಕುತ್ತಿರುವನು. ಕಬ್ಬಿಣದ ಸಾಮಾನುಗಳಿಗೆ ಕ್ರೋಮ್ ಪ್ಲೇಟಿಂಗ್ ಮಾಡುವುದು ಅವನ ಕಸುಬು. "ಮೇಷ್ಟ್ರೇ, ಬನ್ನಿ, ಬನ್ನಿ" ಎಂದು ಕುರ್ಚಿಯನ್ನು ತಾನೇ ಒರೆಸಿದನು. ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ದ್ರಾವಣ. ಅದರಲ್ಲಿಯ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ ನೆಲದೊಳಗೆ ದೂರ ಹೋಗತಕ್ಕದ್ದು, ಅತ್ಯಂತ ವಿಷಮಯವಾದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಮೀರಕೂಡದೆಂದು ನಿಯಮ. ಬೇರೊಂದು ರಾಸಾಯನಿಕವನ್ನು ಬೆರಸಿ ಅದರ ಉಗ್ರತೆಯನ್ನು ಇಳಿಸಿ, ಸುಣ್ಣ ಹಾಕಿದರೆ ಅದು ಕೆಸರಾಗಿ ತಳ ಸೇರುವುದು. ಆ ಕೆಸರನ್ನು ದಾಬಸ್‌ಪೇಟೆಯ ಭದ್ರವಾದ ಗುಂಡಿಗೆ ಸಾಗಿಸಬೇಕು. ಇದೆಲ್ಲವನ್ನೂ ಶಿಷ್ಯನು ನಮಗಿಂತ ಚೆನ್ನಾಗಿ ಬಲ್ಲನು.

"ಟ್ಯಾಂಕರ್ ಬಾರದ ದಿನ ಏನು ಮಾಡುತ್ತೀರಿ ಅಣ್ಣಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

ಅವನು ಉತ್ತರ ಹೇಳಲಿಲ್ಲ. ಕಾಫಿ ತರಿಸಿದನು. ಸ್ವಲ್ಪ ಹೊತ್ತಿನ ಮೇಲೆ, "ತಂಗೀ, ನನ್ನ ಹೆಸರು ಬರೆಯುತ್ತೀಯಾ?" ಎಂದನು. ಹೆಸರುಗಳಿರುವುದಿಲ್ಲ, ನಕ್ಷೆಯ ಮೇಲೆ ಬಾವಿಗಳ ಗುರುತು ಮಾತ್ರ ಇರುವುದೆಂದು ಅವಳು ಹೇಳಿದಳು. ಆ ಕಾಫಿಯನ್ನು ಕುಡಿಯುವುದು ನಮಗೆ ಕಷ್ಟವಾಯಿತು. ಬಿಡುವುದು ಇನ್ನೂ ಕಷ್ಟ.

ಮೂರು ವಾರಗಳ ತರುವಾಯ ಫಲಿತಾಂಶ ಬಂದಿತು. ಎದುರು ಮನೆಯ ಬಾವಿ ನಿರ್ದೋಷ. ನಮ್ಮದು ಮಿತಿಯನ್ನು ಮೀರಿತ್ತು. ಬಂಡೆಯ ಬಿರುಕುಗಳ ದಾರಿ ಹಾಗೆಯೇ ಎಂದು ಮಗಳು ಸಮಾಧಾನ ಹೇಳಿದಳು. ಅದು ಯಾರ ತೊಟ್ಟಿಯದು, ಯಾವ ವರ್ಷದ್ದು ಎಂದು ನೀರು ಹೇಳದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿರುವುದು ಇಂದು ನಿನ್ನೆಯ ಮಾತಲ್ಲ. ಕುದಿಸಿದರೂ ಅದು ಹೋಗದೆಂಬುದನ್ನು ಕೇಳಿ ಅವಳ ತಾಯಿಯು ಅಡಿಗೆಮನೆಯ ಹಂಡೆಯನ್ನು ಬರಿದುಮಾಡಿದಳು. ಬಾವಿಯ ಕೊಳಾಯಿಗೆ ಕೆಂಪು ಬಟ್ಟೆ ಕಟ್ಟಿ, ಬಾಡಿಗೆಗಿರುವವರಿಗೂ ನಾವೇ ಹೋಗಿ ತಿಳಿಸಿದೆವು. ಇಪ್ಪತ್ತು ವರ್ಷ ಕುಡಿದದ್ದರ ಲೆಕ್ಕವನ್ನು ಯಾರೂ ಎತ್ತಲಿಲ್ಲ.

ಮರುಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಶಿಷ್ಯನು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ನಮಸ್ಕರಿಸಿ, ಮಗಳ ಮುಂದೆ ಒಂದು ಸೀಸೆಯನ್ನಿಟ್ಟನು. ಅದು ಅವನ ಮನೆಯ ಬಾವಿಯ ನೀರು.